ಮರುಭೂಮಿಗೆ ಹಿಮ ಹಿಂಜಿದ್ದು

ಮೊನ್ನೆ ಮೊಮ್ಮಗಳು ಆಯಿಷಾಳ ಕಿವಿನೋವಿಗೆಂದು ಮಗಳು ಔಷಧಿ ಅಂಗಡಿಯಿಂದ ಹತ್ತಿಯ ಸುರುಳಿ ತಂದಳು. ಮೇಲಿನ ಪ್ಲಾಸ್ಟಿಕ್ ಬಿಚ್ಚಿದ್ದೇ ತಡ, ಆ ಒಣ ವಾಸನೆ ಮೂಗಿಗೆ ಬಡಿಯಿತು. ಹೋದ ಚಳಿಗಾಲದ ಸಿಟ್ಟು ಹಾಗೇ ತಲೆಗೇರಿತು. ಕಿವಿಗೆ ಬೇಕಾದದ್ದು ಒಂದು ಚಿಟಿಕೆ. ಉಳಿದದ್ದನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ತಾಸು ಕೂತೆ. ಅದು ಎಂಥ ಸಿಟ್ಟು ಅಂತ ನಿಮಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ಗದಗಿನ ಕಡೆಯ ಪಿಂಜಾರರು ನಾವು. ಹತ್ತಿ ಹಿಂಜುವ ಬಿಲ್ಲು, ಅದರ ದಾರ ಮೀಟುವ ಕೊಡತಿ ಹೊತ್ತು ಮನೆಮನೆಗೆ ಹೋಗಿ, ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಹಗುರ ಮಾಡಿ, ಮತ್ತೆ ತುಂಬಿ ಹೊಲಿದು ಕೊಡುವುದು ಕಸುಬು. ನಲವತ್ತು ವರ್ಷ ಮಾಡಿದೆ. ನಾನು ತುಂಬಿದ ಗಾದಿಯ ಮೇಲೆ ಚಹಾದ ಬಸಿ ಇಟ್ಟರೆ ತುಳುಕುತ್ತಿರಲಿಲ್ಲ, ಅಷ್ಟು ಸಮ. ಮದುವೆಮನೆಯವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಇದು ಜಂಬವಲ್ಲ. ಸ್ವಲ್ಪ ಜಂಬ.

ಈಗ ಇರುವುದು ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತಿನಲ್ಲಿ, ಮಗಳು ಶಬಾನಾಳ ಮನೆಯಲ್ಲಿ. ಕಾರಿನಲ್ಲಿ ಉತ್ತರಕ್ಕೆ ಎರಡು ತಾಸು ಹೋದರೆ ಮರುಭೂಮಿ ಸಿಗುತ್ತದೆ ಎಂದರು. ನೋಡಿದರೆ ಕಂದು ಹುಲ್ಲು, ಬೂದಿ, ಮರಳು, ಮೂಳೆ ಕೊರೆಯುವ ಗಾಳಿ. ಒಂಟೆ ಇಲ್ಲ, ಬಿಸಿಲಿಲ್ಲ. ಮಳೆ ಬರುತ್ತದೆ, ಹಿಮವೂ ಬೀಳುತ್ತದೆ. ಇದಕ್ಕೆ ಮರುಭೂಮಿ ಅಂತ ಹೆಸರಿಟ್ಟವರು ಯಾರು ಅಂತ ನನಗೆ ಮೊದಲ ದಿನವೇ ಸಿಟ್ಟು ಬಂದಿತ್ತು.

ಅಲ್ಲೊಂದು ಸಣ್ಣ ಮ್ಯೂಸಿಯಂ ಇದೆ. ಎರಡೇ ಕೋಣೆ. ಬೆಂಕಿಬೆಟ್ಟದ ಬೂದಿಯನ್ನು ಪದರಪದರವಾಗಿ ತುಂಬಿದ ಗಾಜಿನ ಭರಣಿಗಳು, ಮಿಡತೆಯ ದೊಡ್ಡಪ್ಪನಂಥ ವೇಟಾ ಎಂಬ ಹುಳು, ನೆಲದಲ್ಲೇ ಮೊಟ್ಟೆಯಿಡುವ ಪುಟ್ಟ ಹಕ್ಕಿಯ ಚಿತ್ರ. ತಿಂಗಳ ಮೊದಲ ಶನಿವಾರ ಸುತ್ತಲಿನ ಮನೆಯವರೆಲ್ಲ ಸೇರುತ್ತಾರೆ, ಅಷ್ಟು ದೂರದಿಂದ ನಾವೂ ಹೋಗುತ್ತೇವೆ. ಮಕ್ಕಳು ಹುಳ ಎಣಿಸುತ್ತಾರೆ; ದೊಡ್ಡವರು ಎಲ್ಲೆಂದರಲ್ಲಿ ಹುಟ್ಟಿದ ಪೈನ್ ಸಸಿ ಕೀಳುತ್ತಾರೆ; ಆಮೇಲೆ ಸೂಪು. ಸಸಿ ಕೀಳುವುದೂ ಒಂದು ಕೆಲಸವೇ ಅಂತ ನಾನು ಕೇಳಿದ್ದಕ್ಕೆ, ಅವು ಹೊರಗಿನಿಂದ ಬಂದವು, ಇಲ್ಲಿನ ಹುಲ್ಲನ್ನು ತಿಂದುಹಾಕುತ್ತವೆ ಎಂದರು. ಹೊರಗಿನಿಂದ ಬಂದವನು ನಾನೂ ಹೌದಲ್ಲ ಅಂತ ಒಂದು ಸಸಿಯನ್ನು ಕೀಳದೆ ಬಿಟ್ಟೆ. ಆಯಿಷಾ ಹಿಂದಿನಿಂದ ಬಂದು ಅದನ್ನೂ ಕಿತ್ತಳು. ಆಗವಳಿಗೆ ಒಂಬತ್ತು ವರ್ಷ. ಆ ಹುಡುಗಿಯ ಬುದ್ಧಿ ಹೇಳಲು ಹೊರಟರೆ ಈ ಕಾಗದ ಸಾಲದು. ಬೂದಿಯ ಪದರ ನೋಡಿ ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ದೊಡ್ಡವರಿಗೇ ಪಾಠ ಹೇಳುತ್ತಿದ್ದಳು.

ಅಲ್ಲಿ ಗಾಜಿನ ಪೆಟ್ಟಿಗೆಯೊಂದರಲ್ಲಿ ಚಳಿಗಾಲದ ಮರುಭೂಮಿಯನ್ನು ಮಾಡಿಟ್ಟಿದ್ದರು. ಹಿಂದೆ ಬೆಟ್ಟ, ಮುಂದೆ ನಿಜವಾದ ಒಣಹುಲ್ಲು, ಮೇಲೆ ಹಿಮ. ಹಿಮ ಅಂದರೆ ಏನು ಗೊತ್ತೇ? ಹರಿದ ದಿಂಬಿನೊಳಗಿನ ಹಳದಿಗಟ್ಟಿದ ನಾರು. ಗಂಟು ಗಂಟು. ನಮ್ಮೂರಲ್ಲಿ ಅಂಥದ್ದರ ಮೇಲೆ ನಾಯಿಯೂ ಮಲಗುವುದಿಲ್ಲ. ಚಳಿಗಾಲ ಬಂತು, ಅದನ್ನು ಹೊಸದು ಮಾಡಬೇಕೆಂದರು. ಹಿಮದ ಕೆಲಸ ಆಯಿಷಾಗೆ ಬಂತು. ಅವಳು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು.

ನಾನು ಗ್ಯಾರೇಜಿನಲ್ಲಿ ಕಟ್ಟಿಗೆಯ ಪಟ್ಟಿಗೆ ಬ್ಯಾಡ್ಮಿಂಟನ್ ರಾಕೆಟ್ಟಿನ ದಾರ ಬಿಗಿದು ಬಿಲ್ಲು ಮಾಡಿದೆ. ಅಂಗಡಿಯ ಹತ್ತಿಯನ್ನು ಹಾಕಿ ಮೀಟಿದೆ. ಟಂಯ್, ಟಂಯ್. ಆಯಿಷಾಳ ಕೂದಲು, ಹುಬ್ಬು ಎಲ್ಲ ಬೆಳ್ಳಗಾದವು. ಶನಿವಾರ ಶಬಾನಾಳ ಕಾರಿನಲ್ಲಿ ಹೋಗಿ ಇಬ್ಬರೂ ಹಾಸಿದೆವು. ಎಂಥ ಹಿಮ ಅಂತೀರಿ. ಒಂದು ಗಂಟಿಲ್ಲ, ಒಂದು ತಗ್ಗಿಲ್ಲ, ಅಂಚಿನಿಂದ ಅಂಚಿಗೆ ಸಮ.

ನಾವು ಸೂಪು ಕುಡಿದು ಬರುವಷ್ಟರಲ್ಲಿ ಪೆಟ್ಟಿಗೆ ಬೋಳು. ಅಲ್ಲಿನ ಕೆಲಸ ನೋಡಿಕೊಳ್ಳುವ ಗ್ರೇಮ್ ಎಂಬ ಉದ್ದನೆಯ ಮನುಷ್ಯ ಅಷ್ಟನ್ನೂ ತೆಗೆದು ಚೀಲಕ್ಕೆ ತುಂಬುತ್ತಿದ್ದ. ನಮ್ಮನ್ನು ನೋಡಿ ಏನೋ ಹೇಳಿದ.

"ಏನಂತಾನ?" ಎಂದೆ.

"ಇಲ್ಲಿ ಹಿಮ ಹಿಂಗ ಬೀಳೂದಿಲ್ಲಂತ, ಅಪ್ಪಾ," ಎಂದಳು ಶಬಾನಾ.

"ನಲವತ್ತು ವರ್ಷ ಹಿಂಜಿದವಗ ಹತ್ತಿ ಹಾಸೂದು ಕಲಿಸ್ತಾನೇನು ಇಂವ?"

"ಹತ್ತಿ ಅಲ್ಲಪ್ಪಾ, ಹಿಮ. ನೀ ಸುಮ್ನ ಕುಂದ್ರು."

ಆಯಿಷಾ ಅಳಲಿಲ್ಲ. ಕೋಟು ಹಾಕಿಕೊಂಡು ಹೋಗಿ ಕಾರಿನಲ್ಲಿ ಕೂತಳು. ಮುಂದಿನ ತಿಂಗಳ ಶನಿವಾರ ಬಂದಾಗ "ನಾಟ್ ಗೋಯಿಂಗ್" ಎಂದಳು. ಕೆಮ್ಮಿದ್ದಾಗಲೂ ಒಂದು ಶನಿವಾರ ತಪ್ಪಿಸದ ಹುಡುಗಿ. ಅದರ ಮುಂದಿನ ತಿಂಗಳೂ ಅದೇ ಮಾತು. ಹುಳ ಎಣಿಸುವ ಪುಸ್ತಕವನ್ನು ಮಂಚದ ಕೆಳಗೆ ತಳ್ಳಿದ್ದಳು. ನನ್ನ ಹತ್ತಿ ಹೋದರೆ ಹೋಗಲಿ. ಹುಡುಗಿಯ ಶನಿವಾರಗಳನ್ನು ಕಿತ್ತುಕೊಳ್ಳಲು ಇವನು ಯಾರು? ನಮ್ಮ ಕಸುಬಿನಲ್ಲಿ ಹೊಸಬನ ಕೆಲಸ ಕೆಟ್ಟರೂ ಅವನ ಕೈಯಿಂದಲೇ ಬಿಚ್ಚಿಸುತ್ತಾರೆ. ಅವನ ಬೆನ್ನ ಹಿಂದೆ ಬಿಚ್ಚುವುದಿಲ್ಲ.

ಶಬಾನಾಳನ್ನು ಹೊರಡಿಸಿದೆ. ಸಾಕ್ಷಿಗೆ ಬಿಲ್ಲನ್ನೂ ಡಿಕ್ಕಿಯಲ್ಲಿಟ್ಟೆ. ಅಜ್ಜ ಜಗಳ ಮಾಡುತ್ತಾನೆಂಬ ಹೆದರಿಕೆಗೆ ಆಯಿಷಾಳೂ ಬಂದಳು. ಗ್ರೇಮ್ ಬಾಗಿಲಲ್ಲೇ ಸಿಕ್ಕ. ನಾನು ಕನ್ನಡದಲ್ಲೇ ಹೇಳಿದೆ:

"ತೆಗೀರಿ, ನಿಮ್ಮ ಪೆಟಗಿ. ಆದ್ರ ಕೇಳಿ ತೆಗೀಬೇಕಿತ್ತು. ಹುಡುಗಿ ಕೈಯಾಗ ಕೊಟ್ಟ ಕೆಲಸ ಅದು. ಎರಡು ತಿಂಗಳಾತು, ಆಕಿ ಇತ್ತ ತಲಿ ಹಾಕಿಲ್ಲ, ಯಾಕಂತ ಒಬ್ಬರರ ಕೇಳಿದ್ರೇನು?"

ಶಬಾನಾ ಅರ್ಧ ಮಾತ್ರ ಅನುವಾದ ಮಾಡಿದಳು ಅಂತ ನನ್ನ ಅನುಮಾನ. ಆದರೂ ಅವನ ಕಿವಿ ಕೆಂಪಾದವು. ನನ್ನ ಕಡೆ ನೋಡಲಿಲ್ಲ. ಮೊಣಕಾಲೂರಿ ಆಯಿಷಾಳ ಮುಂದೆ ಕೂತು, ತಪ್ಪಾಯಿತು, ನಿನ್ನನ್ನು ಕೇಳಬೇಕಿತ್ತು ಎಂದ. ಅವಳು ತಲೆಯಾಡಿಸಿದಳು, ಆದರೆ ನಗಲಿಲ್ಲ. ನನ್ನ ಮೊಮ್ಮಗಳು.

ಆಮೇಲೆ ಅವನು ನಮ್ಮನ್ನು ಹಿತ್ತಿಲಿಗೆ ಕರೆದೊಯ್ದ. ಆ ಬೆಳಗ್ಗೆ ಹಿಮ ಬಿದ್ದಿತ್ತು. ಆಯಿಷಾ ಒಂದು ಹುಲ್ಲಿನ ಬುಡದ ಬಳಿ ಕೂತಳು, ಇನ್ನೊಂದರ ಬಳಿ ಕೂತಳು, ನನ್ನ ತೋಳು ಜಗ್ಗಿದಳು. ಗಾಳಿ ಬಡಿಯುವ ಕಡೆ ಬರೀ ಮರಳು. ಹುಲ್ಲಿನ ಮರೆಯಲ್ಲಿ ಮಾತ್ರ ಒಂದೊಂದು ಬಿಳಿ ದಿಬ್ಬ. ಎಲ್ಲೂ ಸಮವಿಲ್ಲ.

"ಅಜ್ಜಾ," ಎಂದಳು ಮೆತ್ತಗೆ, "ಇಟ್ಸ್ ನಾಟ್ ಎ ಗಾದಿ."

ನನಗೆ ಆ ಬೆಟ್ಟದ ಮೇಲೇ ಸಿಟ್ಟು ಬಂತು. ಇಷ್ಟೆಲ್ಲ ಹಿಮ ಕೊಟ್ಟ ದೇವರು ಸರಿಯಾಗಿ ಹಾಸುವವನೊಬ್ಬನನ್ನು ಕಳಿಸಬಾರದಿತ್ತೇ? ಆದರೆ ಹತ್ತಿ ಹಿಂಜುವಾಗ ಹಾರಿದ ಎಳೆಗಳೂ ಹೀಗೇ ಗೋಡೆಯ ಮೂಲೆಗೆ, ಕಂಬದ ಮರೆಗೆ ಹೋಗಿ ಕೂಡುತ್ತಿದ್ದವು. ನಲವತ್ತು ವರ್ಷ ಅದನ್ನು ಕಸ ಅಂತ ಗುಡಿಸಿದ್ದೆ.

ಒಳಗೆ ಬಂದು ಡಿಕ್ಕಿಯಿಂದ ಬಿಲ್ಲು ತರಿಸಿದೆ. ಚೀಲದ ಹತ್ತಿಯನ್ನು ಗ್ರೇಮ್ ಎಸೆದಿರಲಿಲ್ಲ. ಪೆಟ್ಟಿಗೆಯ ಒಂದು ಬದಿಗೆ ಕೂತು, ಎಳೆಗಳೆಲ್ಲ ಒಂದೇ ದಿಕ್ಕಿಗೆ ಹಾರುವಂತೆ ಮೀಟಿದೆ. ಅವು ಹೋಗಿ ಹುಲ್ಲಿನ ಹಿಂದೆ ಕೂತವು. "ಇಲ್ಲಿ ಬ್ಯಾಡ ಅಜ್ಜಾ. ಟೂ ಮಚ್," ಎಂದು ಆಯಿಷಾ ಹೇಳಿದಲ್ಲೆಲ್ಲ ಎತ್ತಿದೆ. ಯಾರೂ ತಿದ್ದಲಾಗದ ನನ್ನ ಕೆಲಸವನ್ನು ಅಂದು ಅವಳು ಏಳು ಸಲ ತಿದ್ದಿದಳು. ಎದೆ ತುಂಬಿ ಬಂತು. ಅದನ್ನು ಬರೆಯುವಷ್ಟು ಇಯತ್ತೆ ನಾನು ಕಲಿತಿಲ್ಲ. ಕೇಳದೆ ತೆಗೆದದ್ದು ತಪ್ಪೇ ಅಂತ ಇಂದಿಗೂ ಹೇಳುತ್ತೇನೆ, ಗ್ರೇಮನ ಎದುರಿಗೂ ಹೇಳುತ್ತೇನೆ.

ಈಗ ಮತ್ತೆ ಚಳಿಗಾಲ. ನಿನ್ನೆ ಮ್ಯೂಸಿಯಮ್ಮಿನಿಂದ ಕಾಗದ ಬಂತು. ಮೇಲೆ ಆಯಿಷಾಳ ಹೆಸರೊಂದೇ. ಈ ವರ್ಷದ ಹಿಮವೂ ನಿನ್ನದೇ, ಸಹಾಯಕ್ಕೆ ನಿನಗೆ ಬೇಕಾದ ಒಬ್ಬರನ್ನು ಕರೆದುಕೊಂಡು ಬಾ ಎಂದಿದೆಯಂತೆ. ನನ್ನ ಹೆಸರೇ ಇಲ್ಲವಲ್ಲ ಅಂತ ಒಂದು ಕ್ಷಣ ಕೆರಳಿದೆ. ಇಂದು ಶನಿವಾರ. ಕಿವಿನೋವು ಇಳಿದಿದೆ, ಅವಳು ಒಳಗೆ ಬೂಟು ಹಾಕಿಕೊಳ್ಳುತ್ತಿದ್ದಾಳೆ. ಯಾರನ್ನು ಕರೆದೊಯ್ಯುತ್ತಾಳೆಂದು ಇನ್ನೂ ಹೇಳಿಲ್ಲ, ನಾನೂ ಕೇಳಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದೇನೆ.