ಹೊಡೆದುಹಾಕದ ಹೆಸರು

ಚಾಮರಾಜಪೇಟೆಯ ಆ ಹಳೆಯ ಕಾಲೇಜಿನ ಪ್ರಯೋಗಾಲಯದ ಸ್ಟೋರಿನಲ್ಲಿ ಧನಲಕ್ಷ್ಮಿಗೆ ಹತ್ತೊಂಬತ್ತು ವರ್ಷ ಸರ್ವೀಸು. ಕಾಯಂ ಮಾತ್ರ ಆಗಿಲ್ಲ. ಅಕ್ಕಿಪೇಟೆಯಲ್ಲಿ ತಾಯಿ ಸೊಪ್ಪು ಮಾರಿ ಓದಿಸಿದ ಹೆಣ್ಣು. ಬಾಯಿ ಜೋರು, ಕೈ ಶುದ್ಧ. ಕೆಲಸ ಕಲಿಸಿದವರು ಸ್ಟೋರ್‌ಕೀಪರ್ ಆಂಜಿನಯ್ಯ. ಎಲ್ಲರಿಗಿಂತ ಮೊದಲು ಬಂದು, ಒಂದೊಂದು ಉಪಕರಣವನ್ನೂ ಮುಟ್ಟಿ ನೋಡಿ, ಕೆಟ್ಟಿದ್ದರೆ ಸ್ಟಾಕ್ ಪುಸ್ತಕದಲ್ಲಿ ಬರೆದಿಡುತ್ತಿದ್ದ ಮನುಷ್ಯ. ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಹೊರೆಯೆಲ್ಲ ಇವಳ ತಲೆಗೆ ಬಂತು.

ಹೋದ ವರ್ಷ ಮೂರು ಮೈಕ್ರೋಸ್ಕೋಪು ಕಾಣೆಯಾದವು. ತೆಗೆದುಕೊಂಡು ಹೋದ ಮೇಷ್ಟ್ರು ಯಾರೋ, ಪುಸ್ತಕದಲ್ಲಿ ಬರೆದಿರಲಿಲ್ಲ. ಮೆಮೊ ಬಂದದ್ದು ಧನಲಕ್ಷ್ಮಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಈ ವರ್ಷ ಹೊಸದಾಗಿ ಬಂದ ಪ್ರಿನ್ಸಿಪಾಲ್ ದೀಪ್ತಿ ಮೇಡಂ ಅವಳನ್ನು ಕರೆಸಿದರು. "ಪುಸ್ತಕಾನೋ, ಎಕ್ಸೆಲ್ಲೋ, ಆ್ಯಪೋ, ನೀವೇ ಒಂದು ಆರಿಸ್ಕೊಳ್ಳಿ. ಒಂದು ತಿಂಗಳು ನೋಡ್ತೀನಿ. ರೆಕಾರ್ಡ್ ಯಾರು ಸರಿಯಾಗಿ ಇಡ್ತಾರೋ ಅವರಿಗೇ ಸ್ಟೋರು," ಎಂದರು. ಕೆಲಸ ಹೋಗುವ ಸೂಚನೆ ಎಂದು ಧನಲಕ್ಷ್ಮಿಗೆ ಅರ್ಥವಾಯಿತು.

ಪುಸ್ತಕಕ್ಕೆ ಸಹಿ ಹಾಕಲು ಮಹಡಿ ಹತ್ತಿ ಬರುವವರಿಲ್ಲ. ಎಕ್ಸೆಲ್ ಕಳಿಸಿದರೆ ಒಂದೊಂದು ವಿಭಾಗದಲ್ಲೂ ಒಂದೊಂದು ಪ್ರತಿಯಾಗಿ, ಇರುವ ಹದಿನಾರು ತಕ್ಕಡಿ ಇಪ್ಪತ್ತೆರಡಾದವು. ಉಳಿದದ್ದು ಆ್ಯಪು. ಪ್ರತಿ ವಸ್ತುವಿಗೂ ಸ್ಟಿಕರ್ ಅಂಟಿಸುವುದು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಅವರವರ ಪಿನ್ ಒತ್ತುವುದು. ಸಿಬ್ಬಂದಿಯ ಹಳೆಯ ಪಟ್ಟಿ ಸೇರಿಸುವಾಗ ಆಂಜಿನಯ್ಯನವರ ಹೆಸರೂ ಸಿಕ್ಕಿತು. ಹೊಡೆದುಹಾಕಲು ಕೈ ಬರಲಿಲ್ಲ. ಅನ್ನದ ದಾರಿ ತೋರಿಸಿದವರು, ಇರಲಿ ಬಿಡು ಎಂದು ಅವರಿಗೂ ಒಂದು ಪಿನ್ ಕೊಟ್ಟಳು. ಅದು ಅವಳೊಬ್ಬಳಿಗೇ ಗೊತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಎಂಟೂವರೆಗೆ ಸ್ಟೋರಿನ ಬೀಗ ತೆಗೆದು ಫೋನ್ ನೋಡಿದರೆ, ಅದರಲ್ಲಿ ಹೀಗಿತ್ತು: 'ಸಮಯ 7.40. ಎರಡನೇ ಓವನ್. ತಂತಿ ಸುಟ್ಟಿದೆ. ನೋಡಿದವರು: ಆಂಜಿನಯ್ಯ.' ಓವನ್ ತಿರುಗಿಸಿ ನೋಡಿದಳು. ತಂತಿ ಸುಟ್ಟಿತ್ತು.

ಯಾರದೋ ಕುಚೋದ್ಯವೆಂದು ಪಿನ್ ಬದಲಾಯಿಸಿದಳು, ಬೀಗವನ್ನೂ ಬದಲಾಯಿಸಿದಳು. ಮರುದಿನ ಮತ್ತೆ 7.40. ಬರ್ನರು, ಗ್ಯಾಸಿನ ಪೈಪು, ತಕ್ಕಡಿ ಅಂತ ದಿನಕ್ಕೆ ನಾಲ್ಕೈದು, ಒಂದೂ ಸುಳ್ಳಾಗಲಿಲ್ಲ. ಒಂದು ದಿನ, 'ಮೈಕ್ರೋಸ್ಕೋಪ್ ಮೂರು. ಬಾಟನಿ ಕೋಣೆಯ ಅಟ್ಟ' ಎಂದಿತ್ತು. ಏಣಿ ಹಾಕಿ ನೋಡಿದರೆ ಮೂರೂ ಅಲ್ಲೇ ಇದ್ದವು.

ಸಂಬಳ ಎಣಿಸುವವರು ಸ್ಕ್ಯಾನ್ ಮಾಡದಿದ್ದರೂ ಸತ್ತವರು ಒಂದು ದಿನವೂ ತಪ್ಪಿಸಲಿಲ್ಲ. ಸ್ಟೋರಿಗೆ ಕಾಲಿಡಲು ಹೆದರಿಕೆಯಾಗುತ್ತಿತ್ತು, ನಿಜ. ಆದರೆ ಕೆಲಸ ಉಳಿಯುತ್ತದೆಂಬ ಆಸೆ ಆ ಹೆದರಿಕೆಯ ಬಾಯಿ ಮುಚ್ಚಿಸಿತು. ಅವಳು ಯಾರಿಗೂ ಹೇಳಲಿಲ್ಲ.

ತಿಂಗಳು ತುಂಬಿದ ದಿನ ದೀಪ್ತಿ ಮೇಡಂ ಕಂಪ್ಯೂಟರ್ ಪರದೆ ನೋಡುತ್ತ ಹೇಳಿದರು, "ಸಿಸ್ಟಮ್ ಚೆನ್ನಾಗಿದೆ, ಇದನ್ನೇ ಇಟ್ಕೊಳ್ಳೋಣ. ಆದ್ರೆ ನೋಡಿ ಧನಲಕ್ಷ್ಮಿ, ನಿಮ್ಮ ಎಂಟ್ರಿ ಬರೀ ಒಂಬತ್ತು. ಆಂಜಿನಯ್ಯ ಅನ್ನೋರದ್ದು ನೂರಾ ಹದಿನೆಂಟು. ಬೇಜಾರು ಮಾಡ್ಕೋಬೇಡಿ, ಸ್ಟೋರು ಅವರಿಗೇ ಕೊಡ್ತೀನಿ. ಸ್ವಲ್ಪ ಕಳಿಸ್ತೀರಾ ಅವರನ್ನ?"

ಧನಲಕ್ಷ್ಮಿ ಲೆಕ್ಕ ಹಾಕಿದಳು. ಅವರು ಸತ್ತಿದ್ದಾರೆ ಎಂದರೆ ನೂರಾ ಹದಿನೆಂಟನ್ನೂ ಬರೆದವಳು ತಾನೇ ಎಂದಾಗುತ್ತದೆ. ಮೈಕ್ರೋಸ್ಕೋಪು ಬಚ್ಚಿಟ್ಟವಳೂ ತಾನೇ. ಇದ್ದಾರೆ ಎಂದರೆ ಹತ್ತೊಂಬತ್ತು ವರ್ಷದ ಕೆಲಸ ಇವತ್ತಿಗೆ ಮುಗಿಯಿತು. ಕೊನೆಗೆ, "ಮೇಡಂ, ಅವರು ತೀರ್ಕೊಂಡು ಎರಡು ವರ್ಷ ಆಯ್ತು," ಎಂದಳು.

ಮೇಡಂ ಪರದೆಯಿಂದ ಕಣ್ಣು ಕೀಳಲಿಲ್ಲ. "ಏನ್ರೀ ತಮಾಷೆ? ಈಗಷ್ಟೇ ಎಂಟ್ರಿ ಮಾಡಿದಾರಲ್ಲ. 'ಸ್ಟೋರಿನ ಬೀಗದ ಕೈ. ಪಡೆದವರು: ಆಂಜಿನಯ್ಯ.'"

ಧನಲಕ್ಷ್ಮಿ ಸೊಂಟ ತಡವಿಕೊಂಡಳು. ಸಿಕ್ಕಿಸಿಕೊಂಡಿದ್ದ ಬೀಗದ ಕೈ ಅಲ್ಲಿರಲಿಲ್ಲ.