ಮೆಟ್ಟಿಲಾದ ಗೆರೆ

"ಅಮ್ಮಾ, ಪಾತಾಳ ಮಾಮ ಯಾಕೆ ರೋಡಿಗೆ ಮೂಗು ಒತ್ಕೊಂಡಿದ್ದಾರೆ?"

ಬಾಲ್ಕನಿಯ ಕಂಬಿಗೆ ಕೆನ್ನೆಯಿಟ್ಟು ನಿಂತಿದ್ದ ಮಗಳು ಕೇಳಿದಾಗ ತಾಯಿ ಬಟ್ಟೆ ಹಿಂಡುತ್ತಿದ್ದಳು. ಬಗ್ಗಿ ನೋಡಿದರೆ, ನಿಜವೇ. ಕೆಳಮನೆಯ ಹಿರಿಯರು ಬೇಕರಿಯ ಮುಂದೆ ಮಂಡಿಯೂರಿ, ನೀರಿನ ಪೈಪಿಗೆಂದು ಅಗೆಯುವ ಯಂತ್ರ ಆಗತಾನೆ ಒಡೆದ ಡಾಂಬರಿನ ಬಿರುಕನ್ನು ಮೂಸುತ್ತಿದ್ದರು.

ಅವರು ಮನೆಮನೆಗೆ ಗ್ಯಾಸ್ ಪೈಪು ಹಾಕುವ ಕಂಪನಿಯ ನಕ್ಷೆ ಕೋಣೆಯಲ್ಲಿ ಕೂದಲು ನರೆಸಿಕೊಂಡವರು. ಪ್ರಾಯದಲ್ಲಿ ಟೇಪು ಹಿಡಿದು ಬೀದಿ ಅಳೆದರು, ಈಗ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ನಡೆಯುವಾಗ ಎದುರು ಬಂದವರ ಮುಖ ನೋಡುವುದಿಲ್ಲ, ನೆಲ ನೋಡುತ್ತಾರೆ. "ಮೇಲಿನ ಲೋಕ ನಿಮಗಿರ್ಲಿ, ಪಾತಾಳ ನಂದು" ಎಂದು ಅವರೇ ಹೇಳಿಕೊಂಡು ಆ ಹೆಸರು ಅಂಟಿಸಿಕೊಂಡರು. ಇವಳ ಅಡುಗೆಮನೆಗೆ ಪೈಪು ಬಂದ ದಿನ ಒಲೆಯ ಪಕ್ಕ ನಿಂತು, "ತಂಗೀ, ಗ್ಯಾಸಿಗೆ ಹೆದರ್ಬೇಡ, ಮರ್ಯಾದೆ ಕೊಡು" ಎಂದು ಧೈರ್ಯ ತುಂಬಿದವರೂ ಅವರೇ.

ಮಗಳನ್ನು ಸೊಂಟಕ್ಕೇರಿಸಿಕೊಂಡು ಇಳಿದು ಹೋದರೆ, ಹಿರಿಯರ ಮುಖ ಬಿಳಿಚಿಕೊಂಡಿತ್ತು.

"ಸಾರ್, ರೋಡಿಗೆ ಮುತ್ತು ಕೊಟ್ಟಿದ್ದು ಸಾಕು, ಏಳಿ" ಎಂದ ಯಂತ್ರದ ಚಾಲಕ, ಮೇಲಿಂದಲೇ.

"ಗ್ಯಾಸ್ ಪೈಪು ಇಲ್ಲೇ ಇದೆಯಪ್ಪಾ. ನಾನೇ ನಿಂತು ಹೂಳಿಸಿದ್ದು."

"ನಕ್ಷೇಲಿ ಆ ಕಡೆ ಇದೆ. ನಿಮ್ಮ ಆಫೀಸೇ ಕೊಟ್ಟಿದ್ದು. ನಿಮ್ಮ ಬಾಯಿ ನಂಬ್ಲೋ, ನಿಮ್ಮ ನಕ್ಷೆ ನಂಬ್ಲೋ?"

ಅವನು ಚಾಚಿದ ಮೊಬೈಲಿನಲ್ಲಿ ಪೈಪಿನ ಗೆರೆ ಬೀದಿಯ ತಿರುವಿಗೆ ತಕ್ಕಂತೆ ಬಾಗಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಎದುರು ಬದಿಗೆ ಹತ್ತಿಹೋಗಿತ್ತು.

"ಪೈಪು ಎಲ್ಲಾದ್ರೂ ಮೆಟ್ಟಿಲು ಹತ್ತುತ್ತಾ?" ಹಿರಿಯರು ಇವಳ ಕಡೆ ತಿರುಗಿದರು. "ಈ ನೀರಿನ ಪೈಪಿನವರ ಸಾಫ್ಟ್‌ವೇರು ನಮ್ಮ ಫೈಲು ತೆಗೆಯಲ್ಲ ಅಂದ್ರು. ಪೈಪು ಹೋಗೋ ಜಾಗಗಳ ಅಕ್ಷಾಂಶ, ರೇಖಾಂಶ ಅಂತ ಬರೀ ಅಂಕಿಗಳ ಪಟ್ಟಿ ಮಾಡಿ ಕೊಟ್ಟೆ. ದಶಾಂಶದ ಚುಕ್ಕಿ ಆದ್ಮೇಲೆ ಆರು ಅಂಕಿ ಇರ್ಬೇಕು, ಪಟ್ಟೀಲಿ ನಾಲ್ಕೇ ಕಾಣ್ತಿತ್ತು. ಕಾಣದಿದ್ರೂ ಒಳಗಿರುತ್ತೆ ಅಂದ್ಕೊಂಡೆ. ಸೇವ್ ಮಾಡುವಾಗ ಕಂಡಿದ್ದಷ್ಟೇ ಉಳೀತು."

"ಎರಡೇ ಅಂಕಿ ತಾನೇ ಅಣ್ಣಾ?"

"ಒಂದು ಹೋದ್ರೆ ಒಂದು ಮೊಳ ಆಚೀಚೆ. ಎರಡು ಹೋದ್ರೆ ಬೀದಿಯ ಆಚೆ ಬದಿ."

ಅವಳು ತಿರುಗಿ ನೋಡಿದಳು. ಬೇಕರಿಯ ಒಳಗೆ ಒಲೆಯ ಬಾಯಿ ಕೆಂಪಗೆ ತೆರೆದಿತ್ತು. ಮಗಳು ಇದ್ದಕ್ಕಿದ್ದಂತೆ ಕಲ್ಲಿನಷ್ಟು ಭಾರವಾದಳು.

"ಒಲೆ ಆರಿಸಿ" ಎಂದಳು ಬಾಗಿಲಿಗೆ ಹೋಗಿ.

"ಬ್ರೆಡ್ಡು ಅರ್ಧ ಬೆಂದಿದೆಯಮ್ಮಾ."

"ಅರ್ಧ ಬೆಂದಿದ್ದು ಬ್ರೆಡ್ಡಷ್ಟೇ ಆಗಿರ್ಲಿ. ಆರಿಸಿ."

ಬೇಕರಿಯವನು ಅವಳ ಮುಖ ನೋಡಿ ಒಲೆ ಆರಿಸಿದ.

ಹಿರಿಯರು ಕಂಪನಿಯ ತುರ್ತು ನಂಬರಿಗೆ ಕರೆ ಮಾಡಿದರು. ವಾಸನೆ ಬಂದಿದೆಯಾ, ಇನ್ನೂ ಇಲ್ಲವಾ, ಹಾಗಾದರೆ ಜನ ಬರುತ್ತಾರೆ, ಕಾಯಿರಿ ಎಂದಿತು ಆ ಕಡೆಯ ದನಿ. ರಜಾ ದಿನ, ಮೇಲಧಿಕಾರಿ ಫೋನು ಎತ್ತಲಿಲ್ಲ. ಸರಿಯಾದ ಫೈಲಿದ್ದದ್ದು ಆಫೀಸಿನ ಅವರ ಕಂಪ್ಯೂಟರಿನಲ್ಲಿ ಮಾತ್ರ.

ಚಾಲಕ ಯಂತ್ರ ನಿಲ್ಲಿಸಿ ಇಳಿದ. "ಊಟಕ್ಕೆ ಹೋಗ್ತೀನಿ. ಬರೋಷ್ಟರಲ್ಲಿ ಬೇರೆ ನಕ್ಷೆ ತೋರ್ಸಿ, ನಿಲ್ಲಿಸ್ತೀನಿ. ಇಲ್ದಿದ್ರೆ ಅಗೀತೀನಿ, ಸುಮ್ನೆ ನಿಲ್ಲಿಸಿದ್ರೆ ನಮ್ಮ ಯಜಮಾನ ಇದೇ ಗುಂಡೀಲಿ ನನ್ನನ್ನು ಹೂಳ್ತಾನೆ."

ಹಿರಿಯರು ಬೈಕಿನ ಕಡೆ ಓಡಿದರು. ಅವಸರಕ್ಕೆ ಕೀಲಿ ತೂತಿಗೆ ಕೂರಲೊಲ್ಲದು. ಅವಳೇ ಹೋಗಿ ತಿರುಗಿಸಿಕೊಟ್ಟಳು. ಅವರು ಹೊರಡುವವರು ಕಾಲೂರಿ ನಿಂತರು.

"ತಂಗೀ, ಒಂದುಪಕಾರ ಮಾಡು. ನಿನ್ನ ಕಾರು ತಂದು ಈ ಬಿರುಕಿನ ಮೇಲೇ ನಿಲ್ಲಿಸು. ಬೀಗ ಹಾಕಿ ದೂರ ಹೋಗಿ ನಿಲ್ಲು, ನಾನು ಬರೋವರೆಗೂ ಯಾರು ಬೈದ್ರೂ ತೆಗೀಬೇಡ. ಅದಕ್ಕೂ ಮುಂಚೆ ಮಗೂನ ನಿಮ್ಮತ್ತೆ ಜೊತೆ ಎಲ್ಲಿಗಾದ್ರೂ ಕಳಿಸಿಬಿಡು. ಈ ಬೀದೀಲಿ ಮಾತ್ರ ಇಟ್ಕೋಬೇಡ."