ಜಾಲರಿ ಮೇಲಿನ ಮಜ್ಜಿಗೆ ಮೆಣಸಿನಕಾಯಿ

ನಮ್ಮ ಬಿಲ್ಡಿಂಗಿನ ಟೆರೇಸಿನ ಮೇಲೆ ಒಂದು ಲೋಹದ ಮರ ಇದೆ. ಎಲೆಗಳಿಲ್ಲ, ಬರೀ ಕಡ್ಡಿಗಳು. ಬುಡದಲ್ಲಿ, ನೆಲದಿಂದ ಗೇಣೆತ್ತರದಲ್ಲಿ, ಅಗಲವಾಗಿ ಹಾಸಿದ ತಂತಿ ಜಾಲರಿ. ಅದನ್ನು ತೆಗೆಯಿರಿ ಎಂದು ನನಗೆ ಹೇಳದವರೇ ಕಡಿಮೆ. ನಾನು ತೆಗೆದಿಲ್ಲ.

ಅದು ಆಂಟೆನಾ. ಬೇರೆ ಖಂಡದ ಮರುಭೂಮಿಯೊಂದರಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ರೇಡಿಯೋ ದೂರದರ್ಶಕಕ್ಕೆ ಇಂಥವು ಸಾವಿರಾರು ಬೇಕು. ದೂರದರ್ಶಕ ಎಂದರೆ ಜನ ಕೊಳವೆ, ಗಾಜು ಎಂದುಕೊಳ್ಳುತ್ತಾರೆ. ಇಲ್ಲಿ ಎರಡೂ ಇಲ್ಲ. ಇಂಥ ಮರಗಳನ್ನು ಬಯಲಿನ ತುಂಬ ನೆಟ್ಟು, ಮೊದಮೊದಲ ನಕ್ಷತ್ರಗಳು ಹುಟ್ಟುವ ಕಾಲದಲ್ಲಿ ಹೊರಟ ಅಲೆಗಳನ್ನು ಹಿಡಿಯುವುದು ಅವರ ಆಸೆ. ಅಷ್ಟು ದೊಡ್ಡ ಕೆಲಸದಲ್ಲಿ ನನ್ನದು ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಒಂದು ಕಪ್ಪು ಪ್ಲಾಸ್ಟಿಕ್ ಜಾಯಿಂಟ್. ಮರದ ಕೊಂಬೆಗಳನ್ನು ಕಾಂಡಕ್ಕೆ ಹಿಡಿದಿಡುವುದು ಅದೇ.

ಜೆ.ಪಿ. ನಗರದ ಮನೆಯೊಂದರ ಮಹಡಿಯ ಮೇಲಿರುವ ಪುಟ್ಟ ಕಂಪನಿ ನಮ್ಮದು. ಅಲ್ಲಿಗೆ ಬರುವ ಮೊದಲು ನಾನು ವರ್ಷಗಟ್ಟಲೆ ಮಿಕ್ಸಿ ಜಾರಿನ ಮುಚ್ಚಳ ಡಿಸೈನ್ ಮಾಡುತ್ತಿದ್ದೆ. ಮೊದಲ ವಿಡಿಯೋ ಮೀಟಿಂಗಿನಲ್ಲಿ ಹೊರದೇಶದ ಎಂಜಿನಿಯರುಗಳು ನನ್ನ ಅನುಭವ ಕೇಳಿದಾಗ ಅದನ್ನೇ ಹೇಳಿದೆ. ಯಾರೋ ನಕ್ಕರು, ಕೂಡಲೇ ಮೈಕ್ ಆಫ್ ಮಾಡಿಕೊಂಡರು. ನನಗೆ ಸಿಟ್ಟು ಬಂತು. ಇಡ್ಲಿ ಹಿಟ್ಟಿನ ಹುಳಿ, ಚಟ್ನಿಯ ಉಪ್ಪು, ಬಿಸಿ ಸಾರಿನ ಆವಿ, ದಿನಾ ಎರಡು ಸಲ ಉಜ್ಜಿ ತೊಳೆಯುವ ಕೈ, ಇಷ್ಟನ್ನೂ ತಡೆದುಕೊಳ್ಳುವ ಮುಚ್ಚಳ ಮಾಡಿದವಳು ನಾನು. ಮರುಭೂಮಿ ಏನು ಮಹಾ?

ನನ್ನ ಜಾಯಿಂಟಿಗೆ ಪೈಪೋಟಿಯಾಗಿ ಬೇರೊಂದು ದೇಶದವರದ್ದೂ ಇತ್ತು. ಎರಡರಲ್ಲಿ ಒಂದನ್ನು ಆರಿಸಲು ಬಯಲು ಪರೀಕ್ಷೆ: ಬಿಸಿಲು, ಮಳೆ, ಗಾಳಿ ಬಿಟ್ಟು ಬೇರೇನೂ ತಾಗದಂತೆ ಒಂದು ವರ್ಷ ಹೊರಗೆ ನಿಂತಿರಬೇಕು, ಬಿರುಕು ಬಿಡಬಾರದು. ಆಫೀಸಿನ ಟೆರೇಸಿಗೆ ಪಕ್ಕದವರ ತೆಂಗಿನ ಮರದ ನೆರಳು. ಹಾಗಾಗಿ ಕೋಣನಕುಂಟೆಯಲ್ಲಿ ನಾನು ಬಾಡಿಗೆಗಿರುವ ಬಿಲ್ಡಿಂಗಿನ ಮೇಲೆ ನಿಲ್ಲಿಸಿದೆವು. ಇಡೀ ದಿನ ಬಿಸಿಲು ಬೀಳುವ ಜಾಗ ಅದು.

ನಿಲ್ಲಿಸಿದ ವಾರದಲ್ಲೇ ಮೊದಲ ಮಹಡಿಯ ಅಂಕಲ್ ಮೆಟ್ಟಿಲ ಹತ್ತಿರ ಅಡ್ಡ ಬಂದರು.

"ಮೇಡಂ, ಅದು ಮೊಬೈಲ್ ಟವರ್ ಅಂತೆ. ರೇಡಿಯೇಷನ್ ಬರುತ್ತೆ. ಮಕ್ಕಳು ಮರಿ ಇರೋ ಬಿಲ್ಡಿಂಗು, ದಯವಿಟ್ಟು ತೆಗೆಸಿ."

"ಅಂಕಲ್, ನಿಮ್ಮ ಜೇಬಲ್ಲಿರೋ ಫೋನ್ ಮಾತಾಡುತ್ತೆ. ಇದು ಬರೀ ಕೇಳಿಸಿಕೊಳ್ಳೋದು. ಈಗ ಅದೂ ಇಲ್ಲ, ಇದಕ್ಕೆ ಕರೆಂಟೇ ಕೊಟ್ಟಿಲ್ಲ. ತೆಗೆಸಲ್ಲ."

ಅವರು ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಗಲಾಟೆ ಎಬ್ಬಿಸಿದರು. ಆಗ ಮಧ್ಯೆ ಬಂದವರು ಓನರ್ ಆಂಟಿ. ಈ ಬಿಲ್ಡಿಂಗು ಎದ್ದಿರುವುದು ಅವರ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಹೊಲ ಹೋಗಿದ್ದರೂ ಯಜಮಾನಿಕೆ ಹೋಗಿಲ್ಲ. ಮೇಲೆ ಬಂದು, ಆಂಟೆನಾವನ್ನು ಸುತ್ತು ಹಾಕಿ ನೋಡಿ, ಜಾಲರಿಯನ್ನು ಕಾಲಲ್ಲಿ ಒತ್ತಿ, "ಟೆರೇಸ್ ನಂದು. ಯಾರು ಏನಂದ್ರೂ ಇದು ಇಲ್ಲೇ ಇರುತ್ತೆ, ಹೋಗಮ್ಮ ನೀನು ಕೆಲಸಕ್ಕೆ" ಅಂದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಅವರು ಆ ಜಾಲರಿಯನ್ನು ಅಷ್ಟು ಹೊತ್ತು ಯಾಕೆ ನೋಡಿದರು ಎಂದು ಯೋಚಿಸಲೇ ಇಲ್ಲ.

ಯುಗಾದಿ ಕಳೆದ ಮೇಲೆ ಗೊತ್ತಾಯಿತು. ಬೇಸಿಗೆಯಲ್ಲಿ ನಮ್ಮ ಕಡೆಯ ಟೆರೇಸುಗಳೆಲ್ಲ ಹಪ್ಪಳ ಸಂಡಿಗೆಯ ಪಾಲು. ಒಂದು ಶನಿವಾರ ಬಟ್ಟೆ ಒಣಹಾಕಲು ಮೇಲೆ ಹೋದರೆ, ಜಾಲರಿಯ ತುಂಬ ಪಂಚೆ ಹಾಸಿ ಮಜ್ಜಿಗೆ ಮೆಣಸಿನಕಾಯಿ ಹರಡಿದ್ದರು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ನೆನೆಸಿದ ಇನ್ನೊಂದಷ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ನೀರು ಬಸಿಯಲಿ ಎಂದು ಆಂಟೆನಾದ ಕೊಂಬೆಗೆ ತೂಗುಹಾಕಿದ್ದರು. ಉಪ್ಪು ಹಾಕಿದ ಹುಳಿ ಮಜ್ಜಿಗೆ ನೇರ ನನ್ನ ಜಾಯಿಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಆಂಟೀ!" ಎಂದು ಮೂರು ಮಹಡಿ ಕೇಳುವ ಹಾಗೆ ಕೂಗಿದೆ.

"ಯಾಕಮ್ಮ ಹಂಗ್ ಕಿರುಚ್ತೀಯಾ? ಜಾಲರಿ ಕೆಳಗೆ ಗಾಳಿ ಆಡುತ್ತೆ, ಬೇಗ ಒಣಗುತ್ತೆ. ಇಷ್ಟು ಒಳ್ಳೆ ಜಾಗ ಖಾಲಿ ಬಿಡೋಕಾಗುತ್ತಾ?"

"ಇದು ಪರೀಕ್ಷೆಗೆ ಇಟ್ಟಿರೋದು ಆಂಟಿ. ಏನೂ ತಾಗಬಾರದು ಅಂತ ಹೇಳಿದ್ನಲ್ಲ!"

"ಮಕ್ಕಳು ಮುಟ್ಟಬಾರದು ಅಂದೆ. ಮೆಣಸಿನಕಾಯಿ ವಿಷಯ ಹೇಳಿದ್ಯಾ?"

ಹೇಳಿರಲಿಲ್ಲ. ಯಾವ ದೇಶದ ಎಂಜಿನಿಯರೂ ಹೇಳಿರಲಾರ.

ಪರೀಕ್ಷೆಯ ನಿಯಮದಂತೆ ತಿಂಗಳಿಗೊಂದು ಫೋಟೋ ಆ ಹೊರದೇಶದವರಿಗೆ ಕಳಿಸಬೇಕಿತ್ತು. ಜಾಯಿಂಟಿನ ಮೇಲೆ ಬಿಳಿ ಕಲೆ, ಬುಡದಲ್ಲಿ ಪಂಚೆಯ ಅಂಚು ಮತ್ತು ನಾಲ್ಕಾರು ಮೆಣಸಿನಕಾಯಿ. ನಮ್ಮ ಬಾಸ್ ನೋಡಿ ಹಣೆ ಚಚ್ಚಿಕೊಂಡರು.

"ಕಲೆ ಒರೆಸಿ, ಫೋಟೋ ಸ್ವಲ್ಪ ಕ್ರಾಪ್ ಮಾಡಿ ಕಳ್ಸಿ ಮೇಡಂ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಿರುತ್ತಲ್ಲ ಸಾರ್. ಕ್ರಾಪ್ ಮಾಡಲ್ಲ."

ಮಾಡಲಿಲ್ಲ. ಲೋಕದ ಹುಟ್ಟು ಹೇಗಿತ್ತು ಎಂದು ತಿಳಿಯಲು ಹೊರಟವರ ಕೆಲಸ ಒಂದು ಒರೆಸಿದ ಕಲೆಯಿಂದ ಶುರುವಾಗುವುದು ನನಗೆ ಬೇಕಿರಲಿಲ್ಲ. ಹಾಗೆಂದು ಹೆದರಿಕೆ ಇರಲಿಲ್ಲವೆಂದಲ್ಲ. ಇದ್ದ ಹಾಗೇ ಕಳಿಸಿದೆ.

ಮರುದಿನ ಬೆಳಗಿನ ಮೀಟಿಂಗಿನಲ್ಲಿ ಪರೀಕ್ಷೆ ನೋಡಿಕೊಳ್ಳುತ್ತಿದ್ದ ಆ ಕಡೆಯ ಅಧಿಕಾರಿ ಆ ಬಿಳಿ ಕಲೆ ಏನೆಂದು ಕೇಳಿದರು. ಉಪ್ಪು ಮಜ್ಜಿಗೆ ಎಂದೆ. ಅದಕ್ಕೆ ವಿವರಣೆ, ವಿವರಣೆಗೆ ಮತ್ತೆ ವಿವರಣೆ. ಕೊನೆಗೆ ಅವರು ತುಂಬ ಮರ್ಯಾದೆಯಿಂದ, ನಿಯಮ ಮುರಿದಿರುವುದರಿಂದ ನಿಮ್ಮದನ್ನು ಪರಿಗಣಿಸಲಾಗುವುದಿಲ್ಲ ಎಂದರು. ನನಗೆ ರೇಗಿತು.

ಜಾಯಿಂಟಿಗೆ ಬಿರುಕು ಬಂದಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ಮರುಭೂಮಿಯ ಮಣ್ಣಿನಲ್ಲಿ ಉಪ್ಪಿಲ್ಲವೇ ಎಂದು ಕೇಳಿದೆ. ಅದು ಈ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ನೀವು ಕೇಳಿದ್ದಕ್ಕಿಂತ ಕಠಿಣ ಪರೀಕ್ಷೆಯನ್ನು ನನ್ನ ಜಾಯಿಂಟ್ ಎದುರಿಸುತ್ತಿದೆ, ಅದನ್ನು ತಪ್ಪು ಎಂದು ಹೇಗೆ ಬರೆದುಕೊಳ್ಳುತ್ತೀರಿ ಎಂದೆ. ಬಾಸ್ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಪೈಪೋಟಿಯಲ್ಲಿ ಉಳಿದದ್ದು ಒಂದೇ ಆದ್ದರಿಂದ, ವರ್ಷ ತುಂಬುವುದನ್ನೂ ಕಾಯದೆ ಆ ವಾರವೇ ಇನ್ನೊಂದು ದೇಶದ ಜಾಯಿಂಟ್ ಆಯ್ಕೆಯಾಯಿತು.

ಅವತ್ತು ಮನೆಗೆ ಬಂದು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಕೂತು ಅತ್ತೆ. ಸೋತಿದ್ದಕ್ಕಲ್ಲ, ಅದು ಮುರಿಯದೆಯೇ ಸೋತಿತಲ್ಲ ಎಂದು.

ಆಂಟೆನಾ ಬಿಚ್ಚಿ ತನ್ನಿ, ಗುಜರಿಗೆ ಹಾಕೋಣ ಎಂದರು ಬಾಸ್. ನನ್ನ ಪರೀಕ್ಷೆ ಮುಗಿದಿಲ್ಲ ಎಂದೆ. ಪ್ರತಿ ತಿಂಗಳೂ ಫೋಟೋ ತೆಗೆದು ಅದೇ ವಿಳಾಸಕ್ಕೆ ಕಳಿಸುತ್ತಲೇ ಹೋದೆ. ಯಾರೂ ಕೇಳಿರಲಿಲ್ಲ, ಯಾರೂ ಉತ್ತರಿಸಲಿಲ್ಲ. ಮರುವರ್ಷ ಬೇಸಿಗೆ ಬಂದಾಗ ಆಂಟಿ ಬುಟ್ಟಿ ಹಿಡಿದು, ಸ್ವಲ್ಪ ಅಂಜುತ್ತಲೇ ನನ್ನ ಬಾಗಿಲಿಗೆ ಬಂದರು.

"ಈ ಸಲ ಆ ಮೂಲೇಲಿ ಹಾಕ್ಕೊಳ್ತೀನಿ ಬಿಡಮ್ಮ."

"ಬೇಡ ಆಂಟಿ. ಜಾಲರಿ ಮೇಲೇ ಹಾಕಿ. ಗಂಟನ್ನೂ ಅಲ್ಲೇ ಕಟ್ಟಿ. ಉಪ್ಪು ಜಾಸ್ತಿ ಇರ್ಲಿ."

"ಹುಚ್ಚು ಗಿಚ್ಚು ಹಿಡೀತಾ ನಿಂಗೆ?"

ಹಿಡಿದಿತ್ತು. ಆಮೇಲೆ ಬಂದ ಮಳೆ, ಕೂತು ಕೊಕ್ಕು ತಿಕ್ಕಿದ ಕಾಗೆ, ಪಕ್ಕದ ಸೈಟಿನ ಸಿಮೆಂಟ್ ಧೂಳು, ಎಲ್ಲವನ್ನೂ ಆ ಚೋಟುದ್ದದ ಪ್ಲಾಸ್ಟಿಕ್ ಸಹಿಸಿಕೊಂಡಿತು. ಮೊದಲ ಮಹಡಿಯ ಅಂಕಲ್ ಮತ್ತೆ ರೇಡಿಯೇಷನ್ ಎಂದು ಶುರು ಮಾಡಿದಾಗ ಆಂಟಿ, "ಹೋದ್ವರ್ಷ ಇದರ ಮೇಲೆ ಒಣಗಿದ ಮೆಣಸಿನಕಾಯಿ ತಿಂದ್ರಲ್ಲ, ಏನಾಯ್ತು?" ಎಂದು ಬಾಯಿ ಮುಚ್ಚಿಸಿದರು.

ಈ ವರ್ಷ ಬೇಸಿಗೆಯಲ್ಲಿ ಅದೇ ಅಧಿಕಾರಿಯಿಂದ ಮೇಲ್ ಬಂತು. ಮರುಭೂಮಿಯಲ್ಲಿ ನೆಟ್ಟ ಮರಗಳಲ್ಲಿ ಕೆಲವು ಕಡೆ ಆ ಗೆದ್ದ ಜಾಯಿಂಟ್ ಸೀಳುತ್ತಿದೆಯಂತೆ. ಉಪ್ಪಿನ ಧೂಳು, ಬೆಳಗಿನ ಇಬ್ಬನಿ, ಮಧ್ಯಾಹ್ನದ ಬಿಸಿಲು, ಮೂರೂ ಸೇರಿದಲ್ಲಿ. ಬಯಲಲ್ಲಿ ಉಪ್ಪು ತಡೆದುಕೊಂಡ ಮಾದರಿ ನಿಮ್ಮ ಬಳಿ ಇನ್ನೂ ಇದೆಯೇ, ಇದ್ದರೆ ಇವತ್ತಿನ ಫೋಟೋ ಕಳಿಸುತ್ತೀರಾ ಎಂದು ಕೇಳಿದ್ದರು.

ಫೋನ್ ಹಿಡಿದು ಮೆಟ್ಟಿಲು ಹತ್ತಿದೆ. ಆಂಟಿ ಮೇಲೇ ಇದ್ದರು, ಕಾಗೆ ಓಡಿಸುತ್ತ. ಕೊಂಬೆಯಲ್ಲಿ ಗಂಟು ತೂಗುತ್ತಿತ್ತು. ಜಾಯಿಂಟನ್ನು ಬೆರಳಿನಿಂದ ಸುತ್ತಲೂ ತಡವಿದೆ. ಒಂದು ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ನನ್ನ ಕೈಯಲ್ಲಿದ್ದ ಫೋನ್ ನೋಡಿ ಆಂಟಿ ಗಡಿಬಿಡಿಯಿಂದ ಎದ್ದರು.

"ಅವರಿಗೆ ಫೋಟೋನಾ? ತಡಿ, ಗಂಟು ಬಿಚ್ತೀನಿ. ಆವತ್ತು ಇದರಿಂದಾನೇ ತಾನೇ ಹಾಳಾಗಿದ್ದು."

"ಮುಟ್ಟಬೇಡಿ ಆಂಟಿ. ಹಾಗೇ ಇರ್ಲಿ."

ಗಂಟು, ಪಂಚೆ, ಮೆಣಸಿನಕಾಯಿ, ಆಂಟಿಯ ಸೆರಗಿನ ತುದಿ, ಎಲ್ಲ ಬರುವಂತೆ ಫೋಟೋ ತೆಗೆದೆ. ಕೆಳಗೆ ಬರೆದೆ: ಇದೆ. ಬಿರುಕಿಲ್ಲ. ಕ್ರಾಪ್ ಮಾಡಿಲ್ಲ.